ಕಾಸರಗೋಡಿನ ಮಳೆಯಲ್ಲಿ ಗುಂಪಾಗಿ ಸೈಕಲ್ ಪ್ರವಾಸ, ಟೆಂಟ್ ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ಪಾಣತ್ತೂರಿನವರೆಗೆ ಮಳೆಗಾಲದಲ್ಲಿ ಸೈಕಲ್ ತುಳಿಯುವ ಗೆಳೆಯರ ಗುಂಪು ನಮ್ಮದು. ಹೊಸಬರು ಬಂದಾಗಲೆಲ್ಲ ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇವೆ. ಹೊರಡುವ ಮೊದಲು ಪೂರ್ತಿ ಓದಿ.

ಮಳೆಯಲ್ಲೇ ಯಾಕೆ? ಡಿಸೆಂಬರಿನಲ್ಲಿ ಹೋಗಬಾರದಾ?

ಹೋಗಬಹುದು, ನಾವೂ ಹೋಗುತ್ತೇವೆ. ಆದರೆ ಕಾಸರಗೋಡನ್ನು ನಿಜವಾಗಿ ನೋಡಬೇಕಾದರೆ ಮಳೆಗಾಲದಲ್ಲೇ ನೋಡಬೇಕು. ಬೇಸಿಗೆಯಲ್ಲಿ ಒಣಗಿ ಕಪ್ಪಾಗಿ ಬಿದ್ದಿರುವ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳು ಜೂನ್ ಕಳೆಯುವಾಗ ಹಸಿರಾಗುತ್ತವೆ. ಆಗಸ್ಟ್ ಹೊತ್ತಿಗೆ ಅದೇ ಕಲ್ಲಿನ ಮೇಲೆ ನೀಲಿ ಹೂವಿನ ಹಾಸು ಬರುತ್ತದೆ. ತೋಡುಗಳಲ್ಲಿ ನೀರು ಹರಿಯುತ್ತದೆ. ಬಿಸಿಲಿಲ್ಲದ ಕಾರಣ ಮಧ್ಯಾಹ್ನವೂ ತುಳಿಯಬಹುದು. ಏಪ್ರಿಲಿನ ಸೆಕೆಯಲ್ಲಿ ಬದಿಯಡ್ಕದ ಏರು ಹತ್ತಿದವರಿಗೆ ಇದರ ಬೆಲೆ ಗೊತ್ತು.

ಯಾವ ತಿಂಗಳು ಒಳ್ಳೆಯದು?

ಮುಂಗಾರು ಕೇರಳಕ್ಕೆ ಸಾಮಾನ್ಯವಾಗಿ ಜೂನ್ 1ರ ಆಸುಪಾಸಿನಲ್ಲಿ ಬರುತ್ತದೆ. ಮೊದಲ ಮಳೆಗಳ ದಿನ ರಸ್ತೆಗೆ ಇಳಿಯಬೇಡಿ. ತಿಂಗಳುಗಟ್ಟಲೆ ರಸ್ತೆಗೆ ಅಂಟಿದ್ದ ಎಣ್ಣೆ, ಧೂಳು, ಟಯರಿನ ಪುಡಿ ಎಲ್ಲ ಸೇರಿ ಆಗ ರಸ್ತೆ ಜಾರುವಷ್ಟು ಮತ್ತೆ ಯಾವಾಗಲೂ ಜಾರುವುದಿಲ್ಲ. ನಾಲ್ಕೈದು ಒಳ್ಳೆಯ ಮಳೆ ಬಂದು ತೊಳೆದುಹೋಗಲಿ.

ಜುಲೈಯಲ್ಲಿ ಮಳೆ ಜೋರು. ಆಟಿ ಅನ್ನುವ ತುಳು ತಿಂಗಳ ಮಳೆ ಹನಿ ಕಡಿಯದೆ ಸುರಿಯುತ್ತದೆ, ಅನುಭವ ಇಲ್ಲದವರನ್ನು ಆಗ ನಾವು ರಾತ್ರಿ ತಂಗುವ ಪ್ರವಾಸಕ್ಕೆ ಕರೆದುಕೊಂಡು ಹೋಗುವುದಿಲ್ಲ. ಮೊದಲ ಸಲ ಬರುವವರಿಗೆ ಓಣಂ ಮುಗಿದ ಮೇಲಿನ ಸೆಪ್ಟೆಂಬರ್ ಸರಿ. ಮಳೆ ಬರುತ್ತದೆ, ನಡುನಡುವೆ ಬಿಡುವೂ ಕೊಡುತ್ತದೆ, ಬಟ್ಟೆ ಅಷ್ಟೋ ಇಷ್ಟೋ ಒಣಗುತ್ತದೆ. ಅಕ್ಟೋಬರ್ ಬಂದರೆ ಸಂಜೆಯ ಗುಡುಗು ಸಿಡಿಲು ಶುರು, ಅದಕ್ಕೆ ಬೇರೆಯೇ ಎಚ್ಚರ ಬೇಕು.

ದಿನಕ್ಕೆ ಎಷ್ಟು ಕಿಲೋಮೀಟರ್ ಹೋಗುತ್ತೀರಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಮ್ಮ ಉತ್ತರ: ಕಿಲೋಮೀಟರ್ ಲೆಕ್ಕ ಬಿಡಿ, ಸೂರಿನ ಲೆಕ್ಕ ಹಾಕಿ.

ಸೂರು ಅಂದರೆ ಗುಂಪಿನವರೆಲ್ಲ ಸೈಕಲ್ ಸಮೇತ ನಿಲ್ಲಬಹುದಾದ ಜಾಗ. ದೊಡ್ಡ ಬಸ್ ನಿಲ್ದಾಣ, ಪೆಟ್ರೋಲ್ ಪಂಪು, ಹೋಟೆಲಿನ ಜಗಲಿ, ಭಜನಾ ಮಂದಿರ, ರೈಲು ನಿಲ್ದಾಣ, ಪರಿಚಯದವರ ಮನೆ. ಹೊರಡುವ ಮೊದಲೇ ದಾರಿಯುದ್ದಕ್ಕೂ ಇಂಥ ಜಾಗಗಳನ್ನು ಬರೆದುಕೊಳ್ಳುತ್ತೇವೆ. ಒಂದು ಸೂರಿನಿಂದ ಇನ್ನೊಂದಕ್ಕೆ ಹತ್ತು ಕಿಲೋಮೀಟರಿಗಿಂತ ಜಾಸ್ತಿ ಇರಬಾರದು. ಕರಾವಳಿಯಲ್ಲಿ ಇದು ಸುಲಭ, ಕುಂಬಳೆ ಬಿಟ್ಟರೆ ಮೊಗ್ರಾಲು, ಮೊಗ್ರಾಲು ಬಿಟ್ಟರೆ ಕಾಸರಗೋಡು. ಮುಳ್ಳೇರಿಯಾ ದಾಟಿ ಬಂದಡ್ಕದ ಕಡೆ ಹೋದರೆ ನಡುವೆ ಬರೀ ರಬ್ಬರು, ಕಾಡು. ಅಲ್ಲಿ ಎಲ್ಲಿ ನಿಲ್ಲುವುದು ಅಂತ ಮೊದಲೇ ಗೊತ್ತಿರಬೇಕು.

ಪ್ರತಿ ಸೂರಿನಲ್ಲೂ ಒಂದೇ ಪ್ರಶ್ನೆ: ಮುಂದಿನ ಸೂರಿಗೆ ಹೋಗುವುದಾ, ಇಲ್ಲೇ ನಿಲ್ಲುವುದಾ? ಹೀಗೆ ಮಾಡಿದರೆ ತೀರ್ಮಾನ ಚಿಕ್ಕದಾಗುತ್ತದೆ, ತಲೆ ಬಿಸಿಯಾಗುವುದಿಲ್ಲ. ‘ಇವತ್ತು ಪಾಣತ್ತೂರು ಮುಟ್ಟಲೇಬೇಕು’ ಅಂತ ಹೊರಟ ಗುಂಪು ಕತ್ತಲಾದ ಮೇಲೂ ತುಳಿಯುತ್ತದೆ. ಸೂರು ನೋಡಿಕೊಂಡು ಹೊರಟ ಗುಂಪು ನಾಲ್ಕೂವರೆಗೆ ಚಹಾ ಕುಡಿಯುತ್ತಾ ಟೆಂಟಿನ ಜಾಗ ಹುಡುಕುತ್ತದೆ.

ಆದರೂ ಅಂಕಿ ಬೇಕು ಅನ್ನುವವರಿಗೆ: ಒಣ ದಿನದಲ್ಲಿ ಲಗೇಜು ಕಟ್ಟಿಕೊಂಡು 70-80 ಕಿಲೋಮೀಟರ್ ಹೋಗುವ ಗುಂಪು ಜೋರು ಮಳೆಯಲ್ಲಿ 40-45 ಹೋದರೆ ಸಾಕು. ನಮ್ಮ ಏರಿಳಿತವನ್ನೂ ಮರೆಯಬೇಡಿ. ಘಟ್ಟ ಇಲ್ಲದ ಕಡೆಯೂ ಗುಡ್ಡೆ ಹತ್ತಿ ಬೈಲಿಗೆ ಇಳಿದು ಮತ್ತೆ ಹತ್ತುವುದು ಮುಗಿಯುವುದೇ ಇಲ್ಲ.

ಯಾವ ದಾರಿ ಹಿಡಿಯಬೇಕು?

ಹೊಸ ಗುಂಪಿಗೆ ಕರಾವಳಿ ದಾರಿ. ತಲಪಾಡಿ, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಅಲ್ಲಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ. ಉದ್ದಕ್ಕೂ ರೈಲು ನಿಲ್ದಾಣಗಳಿವೆ, ಆಸ್ಪತ್ರೆ ಹತ್ತಿರ, ಊಟಕ್ಕೆ ತೊಂದರೆ ಇಲ್ಲ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಇದೆ. ಮಳೆ ಹಿಡಿದುಕೊಂಡರೆ ಒಂದು ಗಂಟೆ ಕಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ಕುಂಬಳೆಯಿಂದ ಒಳಗೆ ತಿರುಗಿದರೆ ಅನಂತಪುರದ ಕೆರೆ ದೇವಸ್ಥಾನ, ಮಳೆಗಾಲದಲ್ಲಿ ಆ ಕೆರೆ ನೋಡಲು ಬಹಳ ಚೆಂದ.

ಈ ದಾರಿಯಲ್ಲಿ ತಲೆನೋವು ಅಂದರೆ ರಾಷ್ಟ್ರೀಯ ಹೆದ್ದಾರಿ 66. ಆರು ಪಥ ಮಾಡಿದ ಮೇಲೆ ನಡುವಿನ ರಸ್ತೆಯಲ್ಲಿ ವಾಹನಗಳ ವೇಗ ಜಾಸ್ತಿ, ಅಲ್ಲಿ ಸೈಕಲ್ ಬೇಡವೇ ಬೇಡ. ಸರ್ವಿಸ್ ರಸ್ತೆಯಲ್ಲೇ ಹೋಗಿ. ಜೋರು ಮಳೆಗೆ ಸರ್ವಿಸ್ ರಸ್ತೆಯಲ್ಲೂ ಅಂಡರ್‌ಪಾಸಿನಲ್ಲೂ ನೀರು ನಿಲ್ಲುತ್ತದೆ, ಚರಂಡಿಯ ಸ್ಲ್ಯಾಬ್ ಎಲ್ಲಿದೆ ಎಲ್ಲಿಲ್ಲ ಅಂತ ಕಾಣುವುದಿಲ್ಲ. ಸ್ಲ್ಯಾಬಿನ ಮೇಲೆ ಓಡಿಸಬೇಡಿ. ಚೆರ್ಕಳದಿಂದ ತೆಕ್ಕಿಲ್ ಕಡೆಗೆ ಗುಡ್ಡ ಕಡಿದ ಜಾಗಗಳಲ್ಲಿ ಮಣ್ಣು ಕುಸಿದದ್ದಿದೆ, ಚೆರುವತ್ತೂರಿನ ವೀರಮಲೆಯಲ್ಲೂ 2025ರ ಜುಲೈಯಲ್ಲಿ ಗುಡ್ಡ ಜರಿದಿತ್ತು. ಹೀಗಾಗಿ ಕಾಸರಗೋಡಿನಿಂದ ತೆಂಕಕ್ಕೆ ಹೋಗುವಾಗ ನಾವು ಹೆದ್ದಾರಿ ಬಿಟ್ಟು ಬೇಕಲದ ರಸ್ತೆಯನ್ನೇ ಹಿಡಿಯುತ್ತೇವೆ.

ಸ್ವಲ್ಪ ಪಳಗಿದವರಿಗೆ ಒಳನಾಡು. ಕೇರಳದ ಮಲೆನಾಡು ಹೆದ್ದಾರಿ ಶುರುವಾಗುವುದೇ ನಮ್ಮ ನಂದಾರಪದವಿನಿಂದ. ಅಲ್ಲಿಂದ ಪೈವಳಿಕೆ, ಬದಿಯಡ್ಕ, ಮುಳ್ಳೇರಿಯಾ, ಬಂದಡ್ಕ ಆಗಿ ಕೋಳಿಚ್ಚಾಲ್ ವರೆಗೆ ಹೋಗುವುದು ನಮ್ಮ ಗುಂಪಿಗೆ ಎಲ್ಲಕ್ಕಿಂತ ಇಷ್ಟದ ದಾರಿ. ಅಡಿಕೆ ತೋಟ, ಗೇರು ಗುಡ್ಡೆ, ರಬ್ಬರು, ಕಾಡು ಎಲ್ಲ ಒಂದೊಂದಾಗಿ ಬರುತ್ತವೆ. ವಾಹನ ಕಮ್ಮಿ, ಏರು ಜಾಸ್ತಿ.

ಭಾಗಮಂಡಲದಿಂದ ಕರಿಕೆ ಆಗಿ ಪಾಣತ್ತೂರಿಗೆ ಇಳಿಯುವ ಘಟ್ಟದ ದಾರಿಯನ್ನು ಜೂನ್‌ನಿಂದ ಆಗಸ್ಟ್ ವರೆಗೆ ನಾವು ಮುಟ್ಟುವುದಿಲ್ಲ. ಕಿರಿದಾದ ರಸ್ತೆ, ತಿರುವು, ಮಂಜು. ಮರ ಬಿದ್ದರೆ ಹಿಂದೆಯೂ ಹೋಗಲಾಗದೆ ಮುಂದೆಯೂ ಹೋಗಲಾಗದೆ ನಡುವೆ ಸಿಕ್ಕಿಬೀಳುತ್ತೀರಿ. ಅಲ್ಲಿ ಸೂರಿನ ಲೆಕ್ಕ ಕೂಡಿಬರುವುದಿಲ್ಲ, ಅಷ್ಟೇ ಕಾರಣ ಸಾಕು.

ಹೊರಡುವುದೋ ಬೇಡವೋ ಹೇಗೆ ತೀರ್ಮಾನಿಸುತ್ತೀರಿ?

ಹವಾಮಾನ ಇಲಾಖೆಯ ಬಣ್ಣ ನೋಡುತ್ತೇವೆ. ಹಳದಿ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ನಿರೀಕ್ಷೆ. ಕಿತ್ತಳೆ ಅಂದರೆ 115.6ರಿಂದ 204.4. ಅದಕ್ಕಿಂತ ಮೇಲೆ ಕೆಂಪು.

ಹಳದಿಗೆ ಹೊರಡುತ್ತೇವೆ, ಕರಾವಳಿ ದಾರಿಯಲ್ಲಿ. ಕಿತ್ತಳೆ ಬಂದರೆ ಹೊಸದಾಗಿ ಹೊರಡುವುದಿಲ್ಲ. ದಾರಿಯಲ್ಲಿದ್ದರೆ ಇದ್ದ ಊರಲ್ಲೇ ಗಟ್ಟಿ ಕಟ್ಟಡದಲ್ಲಿ ಉಳಿಯುತ್ತೇವೆ, ಟೆಂಟ್ ಹಾಕುವುದಿಲ್ಲ. ಕೆಂಪು ಬಂದರೆ ಪ್ರವಾಸ ಮುಗಿಯಿತು, ರೈಲೋ ಪಿಕಪ್ಪೋ ಹಿಡಿದು ಮನೆಗೆ. ಇನ್ನೊಂದು ಸುಲಭದ ಗುರುತು ಇದೆ. ಜಿಲ್ಲಾಧಿಕಾರಿ ಶಾಲೆಗೆ ಮಳೆ ರಜೆ ಕೊಟ್ಟ ದಿನ ನಮ್ಮ ಸೈಕಲಿಗೂ ರಜೆ. ಇದರಲ್ಲಿ ಚರ್ಚೆಗೆ ಜಾಗ ಇಟ್ಟಿಲ್ಲ.

ಮುನ್ಸೂಚನೆ ಇಡೀ ಜಿಲ್ಲೆಗೆ ಒಂದೇ ಇರುತ್ತದೆ, ಮಳೆ ಹಾಗಲ್ಲ. ಕುಂಬಳೆಯಲ್ಲಿ ಬಿಸಿಲಿದ್ದಾಗ ದೇಲಂಪಾಡಿಯಲ್ಲಿ ಧೋ ಅಂತ ಸುರಿಯುತ್ತಿರಬಹುದು, ಆ ನೀರು ಪಯಸ್ವಿನಿಯಲ್ಲಿ ಇಳಿದು ಚಂದ್ರಗಿರಿಗೆ ಬರಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಹೋಗುವ ಊರಿನವರಿಗೇ ಬೆಳಿಗ್ಗೆ ಒಂದು ಫೋನ್ ಮಾಡಿ.

ಗುಂಪಿನಲ್ಲಿ ಎಷ್ಟು ಜನ ಇರಬೇಕು? ಸಾಲು ಹೇಗೆ?

ಆರರಿಂದ ಎಂಟು. ಇದಕ್ಕಿಂತ ಜಾಸ್ತಿ ಜನ ಬಂದರೆ ಎರಡು ಗುಂಪು ಮಾಡುತ್ತೇವೆ. ಎಂಟು ಜನಕ್ಕೆ ಒಂದು ಮನೆಯ ಜಗಲಿಯಲ್ಲಿ ಜಾಗ ಸಿಗುತ್ತದೆ, ಹದಿನೈದು ಜನಕ್ಕೆ ಸಿಗುವುದಿಲ್ಲ.

ದಾರಿ ಗೊತ್ತಿರುವ ಒಬ್ಬರು ಮುಂದೆ. ರಿಪೇರಿ ಗೊತ್ತಿರುವ ಒಬ್ಬರು ಕೊನೆಗೆ, ಪಂಪು, ಔಷಧಿ ಪೆಟ್ಟಿಗೆ ಅವರ ಹತ್ತಿರ. ಕೊನೆಯವರು ಯಾರನ್ನೂ ದಾಟಿ ಹೋಗುವಂತಿಲ್ಲ. ನಿಧಾನ ಹೋಗುವವರು ಮುಂದಾಳಿನ ಹಿಂದೆಯೇ ಇರಲಿ. ಅವರನ್ನು ಕೊನೆಗೆ ಬಿಟ್ಟರೆ ಗುಂಪು ಎಳೆದು ಎಳೆದು ಹರಿದೇ ಹೋಗುತ್ತದೆ.

ಒಣ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವ ಅಭ್ಯಾಸ ಇದ್ದರೆ ಮಳೆಯಲ್ಲಿ ಬಿಡಿ. ಕನಿಷ್ಠ ನಾಲ್ಕು ಸೈಕಲಿನಷ್ಟು ಅಂತರ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಯಾವತ್ತೂ ಒಂದೇ ಸಾಲು. ಜಡಿಮಳೆಯಲ್ಲಿ ಕೂಗಿದ್ದು ಕೇಳುವುದಿಲ್ಲ, ಕೈಸನ್ನೆಗೆ ಕೈ ಬಿಡುವುದೂ ಅಪಾಯ. ನಾವು ಸೀಟಿ ಇಟ್ಟುಕೊಳ್ಳುತ್ತೇವೆ: ಒಂದು ಸಲ ಊದಿದರೆ ನಿಧಾನ, ಎರಡು ಸಲಕ್ಕೆ ನಿಲ್ಲಿ, ಬಿಡದೆ ಊದಿದರೆ ಯಾರೋ ಬಿದ್ದಿದ್ದಾರೆ. ತಿರುವು ಇರುವಲ್ಲೆಲ್ಲ ಮುಂದಿನವರು ನಿಂತು ಹಿಂದಿನವರ ಮುಖ ನೋಡಿಯೇ ಹೊರಡಬೇಕು. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಮಧ್ಯದಲ್ಲಿ ಒಬ್ಬರಿಗೆ ಸಾಕು ಅನಿಸಿದರೆ?

ಸಾಕು ಅಂದರೆ ಸಾಕು. ಯಾಕೆ ಅಂತ ಕೇಳುವುದಿಲ್ಲ, ‘ಇನ್ನು ಸ್ವಲ್ಪವೇ ಇರುವುದು’ ಅಂತ ಸಮಾಧಾನವನ್ನೂ ಹೇಳುವುದಿಲ್ಲ. ಮುಂದಿನ ಸೂರಿನಲ್ಲಿ ಎಲ್ಲರೂ ನಿಲ್ಲುತ್ತೇವೆ. ನಮ್ಮ ಗುಂಪಿನ ಮುಖ್ಯ ನಿಯಮ ಇದೇ. ಚಳಿ ಹಿಡಿದವರಿಗೆ, ಹೆದರಿದವರಿಗೆ ಬಾಯಿ ಬಿಟ್ಟು ಹೇಳುವುದೇ ಕಷ್ಟ. ಒಬ್ಬರು ಹೇಳಿದಾಗ ಇನ್ನಿಬ್ಬರ ಮುಖದಲ್ಲೂ ನಿರಾಳ ಕಾಣುತ್ತದೆ, ಇದನ್ನು ಎಷ್ಟೋ ಸಲ ನೋಡಿದ್ದೇವೆ.

ವಾಪಸು ಹೋಗುವವರನ್ನು ಒಬ್ಬರನ್ನೇ ಕಳಿಸುವುದಿಲ್ಲ, ಜೊತೆಗೆ ಇನ್ನೊಬ್ಬರು ಇರಬೇಕು. ಕರಾವಳಿಯಲ್ಲಾದರೆ ರೈಲಿದೆ, ಸೈಕಲನ್ನು ಪಾರ್ಸೆಲಿಗೆ ಹಾಕಬೇಕಾದರೆ ಕಾಸರಗೋಡಿನಂಥ ದೊಡ್ಡ ನಿಲ್ದಾಣಕ್ಕೇ ಹೋಗಬೇಕು. ಒಳನಾಡಿನಲ್ಲಿ ಪಿಕಪ್ ಜೀಪೇ ಗತಿ. ಬದಿಯಡ್ಕ, ಮುಳ್ಳೇರಿಯಾ, ಬಂದಡ್ಕ ಪೇಟೆಗಳಲ್ಲಿ ಒಬ್ಬೊಬ್ಬ ಚಾಲಕರ ನಂಬರನ್ನು ಹೊರಡುವ ಮೊದಲೇ ಬರೆದುಕೊಳ್ಳಿ.

ಯಾವ ಸೈಕಲ್ ಬೇಕು?

ಇರುವ ಸೈಕಲ್ ಆಗುತ್ತದೆ, ಮೂರು ವಿಷಯ ಸರಿ ಇದ್ದರೆ: ಟಯರು, ಬ್ರೇಕು, ಮಡ್‌ಗಾರ್ಡು. ಟಯರು 32 ಮಿಲಿಮೀಟರಿಗಿಂತ ಅಗಲ ಇರಲಿ, ಸವೆದಿರಬಾರದು, ಗಾಳಿ ಮಾಮೂಲಿಗಿಂತ ಸ್ವಲ್ಪ ಕಮ್ಮಿ ಇರಲಿ. ಮಡ್‌ಗಾರ್ಡು ನಿಮಗಿಂತ ಜಾಸ್ತಿ ನಿಮ್ಮ ಹಿಂದೆ ಬರುವವರಿಗೆ ಬೇಕು. ಅದಿಲ್ಲದಿದ್ದರೆ ನಿಮ್ಮ ಚಕ್ರದ ಕೆಂಪು ನೀರೆಲ್ಲ ಅವರ ಬಾಯಿಗೆ.

ಬ್ರೇಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮಣ್ಣು ಮುರಕಲ್ಲಿನದು. ಒದ್ದೆಯಾದರೆ ನುಣ್ಣಗೆ ಕಾಣುತ್ತದೆ, ಕೈಯಲ್ಲಿ ತಿಕ್ಕಿ ನೋಡಿ, ಒಳಗೆ ಮರಳಿನಂಥ ಕಣ ಸಿಗುತ್ತದೆ. ರಿಮ್ ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ ಈ ಕೆಸರು ಸೇರಿದರೆ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಕರಕರ ಅನ್ನುತ್ತದೆ, ರಿಮ್ಮಿನಿಂದ ಬೂದು ಬಣ್ಣದ ನೀರು ಇಳಿಯುತ್ತದೆ. ಅದು ಸವೆದ ಅಲ್ಯೂಮಿನಿಯಂ. ಸಂಜೆ ರಬ್ಬರನ್ನು ಬಿಚ್ಚಿ ನೋಡಿದರೆ ಅದರಲ್ಲಿ ಲೋಹದ ಚೂರುಗಳು ಮಿಣುಕುತ್ತವೆ. ಅವನ್ನು ಸೂಜಿಯಲ್ಲಿ ಕಿತ್ತು ತೆಗೆಯದಿದ್ದರೆ ಮರುದಿನ ರಿಮ್ ಗೀರಿಹೋಗುತ್ತದೆ. ದಿನಾ ಸಂಜೆ ಒಂದು ಬಾಟಲಿ ನೀರಿನಲ್ಲಿ ರಿಮ್ ತೊಳೆದು ರಬ್ಬರ್ ನೋಡುವುದು ಊಟ ಮಾಡಿದಷ್ಟೇ ಕಡ್ಡಾಯ. ಡಿಸ್ಕ್ ಬ್ರೇಕಿಗೆ ಈ ಕಷ್ಟ ಕಮ್ಮಿ, ಆದರೆ ಪ್ಯಾಡ್ ಬೇಗ ಮುಗಿಯುತ್ತದೆ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ರಿಮ್ ಬ್ರೇಕಿನವರು ಇಳಿಜಾರು ಬರುವ ಮೊದಲೇ ಮೆಲ್ಲಗೆ ಹಿಡಿದು ಬಿಟ್ಟು ರಿಮ್ಮಿನ ನೀರು ಒರೆಸಿಕೊಳ್ಳಬೇಕು. ತಿರುವಿನ ಒಳಗೆ ಬ್ರೇಕ್ ಬೇಡ, ತಿರುವಿಗೆ ಮೊದಲೇ ವೇಗ ಇಳಿಸಿ. ರೈಲು ಹಳಿಯನ್ನು ನೇರ ದಾಟಿ, ಓರೆಯಾಗಿ ದಾಟಿದರೆ ಬೀಳುವುದು ಖಂಡಿತ. ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಬಿದ್ದ ಅಡಿಕೆ ಹಾಳೆ, ಪಾಚಿ ಕಟ್ಟಿದ ಪಂಚಾಯತು ಕಾಂಕ್ರೀಟು ರಸ್ತೆ ಎಲ್ಲ ಒಂದೇ ಜಾತಿ.

ರೈನ್‌ಕೋಟ್ ಯಾವುದು?

ಯಾವ ಕೋಟು ಹಾಕಿದರೂ ಚಂಡಿಯಾಗುತ್ತೀರಿ. ಹೊರಗಿನ ಮಳೆಯಿಂದ ಆಗದಿದ್ದರೆ ಒಳಗಿನ ಬೆವರಿನಿಂದ. ಕೋಟಿನ ಕೆಲಸ ಗಾಳಿ ತಡೆಯುವುದು. ಕಂಕುಳ ಕೆಳಗೆ ಜಿಪ್ ಇರುವ ತೆಳು ಕೋಟು ಒಳ್ಳೆಯದು. ಉದ್ದನೆಯ ಪಾಂಚೋ ಬೇಡ, ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಜೀನ್ಸ್, ಹತ್ತಿ ಬನಿಯನ್ ಬೇಡ.

ಎರಡು ಜೊತೆ ಬಟ್ಟೆ ಸಾಕು. ಒಂದು ತುಳಿಯುವ ಜೊತೆ, ಇನ್ನೊಂದು ಒಣ ಜೊತೆ. ಒಣ ಜೊತೆಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಗಂಟು ಹಾಕಿ ಇಡಿ. ರಾತ್ರಿ ಮಲಗಲು ಮಾತ್ರ ಅದು. ಬೆಳಿಗ್ಗೆ ಎದ್ದು ಮತ್ತೆ ಆ ತಣ್ಣಗಿನ ಚಂಡಿ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಎಲ್ಲರಿಗೂ ಬೇಜಾರು ಅದು, ಆದರೆ ಐದು ನಿಮಿಷದ ಬೇಜಾರು. ಒಣ ಬಟ್ಟೆಯಲ್ಲೇ ಹೊರಟರೆ ರಾತ್ರಿಗೆ ಏನೂ ಉಳಿಯುವುದಿಲ್ಲ. ತೊಡೆ ಉಜ್ಜುವ ಕಡೆ ಬೆಳಿಗ್ಗೆಯೇ ತೆಂಗಿನೆಣ್ಣೆ ಹಚ್ಚಿ. ಸಂಜೆ ಕಾಲಿನ ಬೆರಳ ಸಂದು ಒರೆಸಿ ಒಣಗಿಸಿ. ಶೂ ಒಳಗೆ ಹಳೇ ಪೇಪರ್ ತುರುಕಿ.

ನಮ್ಮ ಊರಲ್ಲಿ ಚಳಿ ಎಲ್ಲಿ ಬಂತು?

ಮಳೆಗಾಲದಲ್ಲಿ ಹೊರಗೆ 23-24 ಡಿಗ್ರಿ ಇದ್ದರೂ ಪೂರ್ತಿ ಚಂಡಿಯಾದ ಮೈಗೆ ಗಾಳಿ ಬಡಿದರೆ ಮೈಯ ಬಿಸಿ ಬೇಗ ಇಳಿಯುತ್ತದೆ. ಏರು ಹತ್ತಿ ಬೆವತು ಮೇಲೆ ನಿಂತು ಫೋಟೋ ತೆಗೆದು ಆಮೇಲೆ ಉದ್ದ ಇಳಿಜಾರು ಇಳಿಯುವಾಗ ಚಳಿ ಹಿಡಿಯುವುದು. ನಡುಕ, ಮಾತು ತೊದಲುವುದು, ಬ್ರೇಕ್ ಹಿಡಿಯಲು ಬೆರಳು ಬಗ್ಗದಿರುವುದು, ಸುಮ್ನೆ ಸಿಟ್ಟು ಮಾಡುವುದು, ಇಷ್ಟು ಕಂಡರೆ ಕೂಡಲೇ ನಿಲ್ಲಿಸಿ. ಒಣ ಬಟ್ಟೆ ಹಾಕಿಸಿ, ಬಿಸಿ ಸಿಹಿ ಚಹಾ ಕೊಡಿ. ಸಾರಾಯಿ ಕೊಟ್ಟರೆ ಬೆಚ್ಚಗಾಗುತ್ತದೆ ಅನ್ನುವವರಿದ್ದಾರೆ, ಅದು ತಪ್ಪು. ಅದರಿಂದ ಮೈ ಬಿಸಿ ಇನ್ನೂ ಬೇಗ ಇಳಿಯುತ್ತದೆ.

ಟೆಂಟ್ ಎಲ್ಲಿ ಹಾಕುತ್ತೀರಿ?

ಮೊದಲು ಎಲ್ಲಿ ಹಾಕಬಾರದು ಅಂತ ಹೇಳುತ್ತೇವೆ.

ಕಡಲ ಬದಿ ಬೇಡ. ಬೇಕಲದ ಹತ್ತಿರ ಅಲೆ ನೋಡುತ್ತಾ ಮಲಗುವ ಆಸೆ ಎಲ್ಲರಿಗೂ ಇದೆ. ಮಳೆಗಾಲದಲ್ಲಿ ಮುಸೋಡಿ, ತೃಕ್ಕನ್ನಾಡು ಕಡೆಗಳಲ್ಲಿ ಕಡಲು ತೀರವನ್ನೇ ಕೊರೆದು ತಿನ್ನುತ್ತದೆ. ಗಾಳಿ ಮಳೆ ಇಲ್ಲದೆಯೂ ದೂರದ ಅಲೆಗಳು ಏಕಾಏಕಿ ನುಗ್ಗುವುದುಂಟು, ಅದಕ್ಕೆ ಇಲ್ಲಿ ‘ಕಳ್ಳಕಡಲು’ ಅನ್ನುತ್ತಾರೆ.

ಹೊಳೆ ಬದಿಯ ಬೈಲು ಬೇಡ. ಮಧುವಾಹಿನಿ ಉಕ್ಕಿದರೆ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ, ಹೀಗಿರುವಾಗ ಗದ್ದೆ ಬದಿಯ ಟೆಂಟು ಯಾವ ಲೆಕ್ಕ? ಕಡಿದ ಗುಡ್ಡದ ಬುಡ ಬೇಡ. ತೆಂಗು, ಅಕೇಶಿಯಾ, ಗಾಳಿಗೆ ತೊನೆಯುವ ರಬ್ಬರು ಮರದ ಕೆಳಗೆ ಬೇಡ. ಹಳೇ ಕಲ್ಲಿನ ಕೋರೆಗಳ ಹತ್ತಿರ ಸುಳಿಯಲೇಬೇಡಿ. ಮುರಕಲ್ಲು ಕಡಿದು ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ತುಂಬಿ ಕೆರೆಯಂತೆ ಕಾಣುತ್ತವೆ, ಬದಿ ನೇರ ಗೋಡೆ, ಬಿದ್ದರೆ ಹತ್ತಲಾಗುವುದಿಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದು ಮೂತ್ರಕ್ಕೆ ಹೋಗುವವರಿಗೆ ಇದು ದೊಡ್ಡ ಅಪಾಯ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವಂತಿಲ್ಲ.

ಬಯಲು ಪದವಿನ ಮೇಲೆ? ನೋಡಲು ಚೆಂದ, ಸಪಾಟು. ಆದರೆ ಕಲ್ಲಿಗೆ ಗೂಟ ಇಳಿಯುವುದಿಲ್ಲ, ನೀರು ಇಂಗುವುದಿಲ್ಲ, ಸಿಡಿಲಿಗೆ ನೀವೇ ಎತ್ತರ.

ಹಾಗಾದರೆ ಎಲ್ಲಿ? ಮನೆಯ ಮಗ್ಗುಲಲ್ಲಿ. ಭಜನಾ ಮಂದಿರದ ಜಗಲಿ, ತೋಟದ ಮನೆಯ ಕೊಟ್ಟಿಗೆ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಗೂಡು. ಮಳೆಗಾಲದಲ್ಲಿ ಆ ಗೂಡು ಎಷ್ಟೋ ಕಡೆ ಖಾಲಿ ಇರುತ್ತದೆ, ಎಂಟು ಜನ ಆರಾಮಾಗಿ ಮಲಗಬಹುದು. ಸೂರಿನ ಕೆಳಗೆ ಟೆಂಟಿನ ಒಳಪದರ ಮಾತ್ರ ಕಟ್ಟಿದರೆ ಸೊಳ್ಳೆಗೂ ಆಯಿತು.

ಹೊರಗೇ ಹಾಕಬೇಕಾಗಿ ಬಂದರೆ?

ತುಸು ಇಳಿಜಾರು ಇರುವ, ಹುಲ್ಲಿರುವ ಎತ್ತರದ ಜಾಗ ನೋಡಿ. ಹತ್ತು ನಿಮಿಷ ನಿಂತು ನೀರು ಯಾವ ಕಡೆ ಹೋಗುತ್ತದೆ ಅಂತ ಗಮನಿಸಿ, ಆಮೇಲೆ ಚೀಲ ಬಿಚ್ಚಿ. ಮೊದಲು ಟರ್ಪಾಲು ಕಟ್ಟಿ, ಅದರ ಕೆಳಗೆ ನಿಂತು ಟೆಂಟ್ ಹಾಕಿ. ಬೆಳಿಗ್ಗೆ ಟೆಂಟ್ ಮೊದಲು ಮಡಚಿ, ಟರ್ಪಾಲು ಕೊನೆಗೆ ಬಿಚ್ಚಿ. ಈ ಒಂದು ಕ್ರಮ ಕಲಿತರೆ ಅರ್ಧ ಕಷ್ಟ ಹೋಯಿತು.

ಕೆಳಗೆ ಹಾಸುವ ಹಾಳೆ ಟೆಂಟಿನ ಅಂಚಿಗಿಂತ ಹೊರಗೆ ಚಾಚಬಾರದು. ಚಾಚಿದರೆ ಮಾಡಿನಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಡಿಗೇ ತಂದು ಹಾಕುತ್ತದೆ. ಟರ್ಪಾಲಿನ ಹಗ್ಗಕ್ಕೆ ಅಂಚಿನ ಹೊರಗೆ ಒಂದು ಚಿಕ್ಕ ದಾರ ಕಟ್ಟಿ ಇಳಿಬಿಡಿ, ಹಗ್ಗದುದ್ದಕ್ಕೆ ಬರುವ ನೀರು ಆ ದಾರದಲ್ಲೇ ಕೆಳಗೆ ಸುರಿಯುತ್ತದೆ. ಗೂಟ ಇಳಿಯದ ಕಡೆ ಕಲ್ಲಿಗೆ ಕಟ್ಟಿ. ಎಷ್ಟೇ ಮಳೆ ಇದ್ದರೂ ಗಾಳಿಯ ಕಿಂಡಿ ಮುಚ್ಚಬೇಡಿ, ಮುಚ್ಚಿದರೆ ಒಳಗಿನ ಉಸಿರೇ ನೀರಾಗಿ ತೊಟ್ಟಿಕ್ಕುತ್ತದೆ. ಟೆಂಟಿನ ಒಳಗೆ ಒಲೆ ಹಚ್ಚಲೇಬೇಡಿ. ಬೆಂಕಿಯ ಭಯ ಒಂದು, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು.

ಗುರುತಿಲ್ಲದ ಮನೆಯವರು ಜಾಗ ಕೊಡುತ್ತಾರಾ? ಯಾವ ಭಾಷೆಯಲ್ಲಿ ಕೇಳುವುದು?

ಕೊಡುತ್ತಾರೆ, ಬೆಳಕಿರುವಾಗ ಕೇಳಿದರೆ. ಐದು ಗಂಟೆಗೆ ಕೇಳುವುದಕ್ಕೂ ಎಂಟು ಗಂಟೆಗೆ ಬಾಗಿಲು ಬಡಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಇಬ್ಬರು ಮಾತ್ರ ಹೋಗಿ, ಹೆಲ್ಮೆಟ್ ತೆಗೆದು ಮಾತಾಡಿ, ಎಷ್ಟು ಜನ ಅಂತ ಮೊದಲೇ ಹೇಳಿ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆ ಕನ್ನಡ, ತುಳು ಎರಡೂ ನಡೆಯುತ್ತದೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳವೇ ಜಾಸ್ತಿ. ಎಚ್ಚರಿಕೆಯ ಮಾತುಗಳನ್ನಾದರೂ ಕಲಿತಿರಿ: ‘ವೆಳ್ಳಂ ಕಯರಿ’ ಅಂದರೆ ನೀರು ಏರಿದೆ, ‘ಪಾಲಂ’ ಅಂದರೆ ಸೇತುವೆ, ‘ಮಣ್ಣಿಡಿಚ್ಚಿಲ್’ ಅಂದರೆ ಮಣ್ಣು ಕುಸಿತ, ‘ಉರುಳ್‌ಪೊಟ್ಟಲ್’ ಅಂದರೆ ಗುಡ್ಡವೇ ಒಡೆದು ಹರಿಯುವುದು. ಕೊನೆಯ ಎರಡು ಕಿವಿಗೆ ಬಿದ್ದರೆ ಸೈಕಲ್ ತಿರುಗಿಸಿ.

ಒಂದು ಸಂಜೆ ಏತಡ್ಕದ ಕಡೆ ಒಂದು ತೋಟದ ಮನೆಯಲ್ಲಿ ಜಾಗ ಕೇಳಿದೆವು. ಮನೆಯಮ್ಮ ಮೊದಲು ನಮ್ಮನ್ನು ನೋಡಲಿಲ್ಲ, ನಮ್ಮ ಕಾಲು ನೋಡಿದರು. ಪಾಚಿ ಹಿಡಿದ ಅಂಗಳದಲ್ಲಿ ನಡೆಯಲು ಅಡಿಕೆ ಸೋಗೆ ಹಾಸಿದ್ದರು, ಅದರ ಮೇಲೆಯೇ ಬನ್ನಿ ಅಂದರು. ಬಚ್ಚಲೊಲೆಗೆ ಬೆಂಕಿ ಹಾಕಿದರು. ನಮ್ಮ ಚಂಡಿ ಸಾಕ್ಸುಗಳನ್ನೆಲ್ಲ ಒಲೆಯ ಮೇಲಿನ ಬಿದಿರಿಗೆ ನೇತುಹಾಕಿಸಿದರು, ತೀರ ಹತ್ತಿರ ಬೇಡ, ಕರಗುತ್ತದೆ ಅಂತ ಒಂದು ಗೇಣು ಮೇಲೆ ಸರಿಸಿದರು. ಬೆಳಿಗ್ಗೆ ಸಾಕ್ಸೆಲ್ಲ ಹೊಗೆ ವಾಸನೆ ಹೊಡೆಯುತ್ತಿತ್ತು, ಆದರೆ ಗರಿಗರಿ ಒಣಗಿತ್ತು. ಹಣ ಕೊಡಲು ಹೋದರೆ ಬೇಸರ ಮಾಡಿಕೊಳ್ಳುತ್ತಾರೆ. ಪೇಟೆಯಿಂದ ಹಣ್ಣೋ ಬಿಸ್ಕತ್ತೋ ಒಯ್ಯಿರಿ. ಜಗಲಿ ಗುಡಿಸಿ, ಪಾತ್ರೆ ತೊಳೆದಿಟ್ಟು ಬನ್ನಿ. ಮುಂದೆ ಬರುವ ಗುಂಪಿಗೆ ಆ ಮನೆಯ ಬಾಗಿಲು ತೆರೆಯುವುದು ನೀವು ಹೇಗೆ ಹೋದಿರಿ ಅನ್ನುವುದರ ಮೇಲೆ.

ಹೆಣ್ಣುಮಕ್ಕಳು ಬರಬಹುದಾ?

ಬರುತ್ತಾರೆ. ಮನೆ ಹತ್ತಿರ, ಶೌಚಾಲಯ ಇರುವ ಕಡೆಯೇ ತಂಗುವ ನಮ್ಮ ಕ್ರಮದಿಂದ ಅವರಿಗೂ ಅನುಕೂಲ, ಉಳಿದವರಿಗೂ ಅನುಕೂಲ.

ಊಟ?

ಅಡುಗೆ ಸಾಮಾನು ಹೊರಬೇಡಿ. ಬೆಳಿಗ್ಗೆ ಪುಟ್ಟು ಕಡಲೆ, ಸಜ್ಜಿಗೆ ಬಜಿಲು, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಚಟ್ನಿ, ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಬೆವರು ಹೋಗುತ್ತಿರುತ್ತದೆ, ನೆನಪಿಟ್ಟು ಕುಡಿಯಿರಿ. ಕುದಿಸಿದ ನೀರೇ ಬೇಕು, ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು ಸೇರಿರುತ್ತದೆ. ನೇಂದ್ರ ಬಾಳೆಹಣ್ಣು ಎರಡು ಜೇಬಿನಲ್ಲಿರಲಿ.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬಹುದಾ?

ಬೇಡ. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನೂ ಬೀಳಿಸುತ್ತದೆ, ಒಂದು ಅಡಿ ಇದ್ದರೆ ಸಣ್ಣ ಕಾರನ್ನೇ ತೇಲಿಸುತ್ತದೆ. ಕೆಳಗೆ ರಸ್ತೆ ಇದೆಯಾ ಕೊಚ್ಚಿಹೋಗಿದೆಯಾ ಅಂತ ಕೆಂಪು ನೀರಿನಲ್ಲಿ ಕಾಣುವುದಿಲ್ಲ. ಊರಿನವರು ದಾಟುತ್ತಾರಲ್ವಾ ಅಂತ ಕೇಳುತ್ತಾರೆ. ಅವರಿಗೆ ಅಲ್ಲಿಯ ಕಲ್ಲು ಕಲ್ಲೂ ಗೊತ್ತು, ಕೈಯಲ್ಲಿ ಲಗೇಜು ತುಂಬಿದ ಸೈಕಲ್ ಇರುವುದಿಲ್ಲ. ಕಂಗಿನ (ಅಡಿಕೆ) ಮರದ ಸಂಕ, ಅಂದರೆ ಕಾಲುಸೇತುವೆ, ಕೂಡ ಹಾಗೆಯೇ. ನೀರು ಇಳಿಯುವವರೆಗೆ ಕಾಯಿರಿ, ಇಲ್ಲವೇ ಹಿಂದಿನ ಸೂರಿಗೆ ಹೋಗಿ.

ತುಂಡಾಗಿ ಬಿದ್ದ ವಿದ್ಯುತ್ ತಂತಿ ಕಂಡರೆ ದೂರವೇ ನಿಂತು ಹಿಂದಿನವರನ್ನು ತಡೆಯಿರಿ, 1912ಕ್ಕೆ ಕರೆ ಮಾಡಿ. ನೀರು ನಿಂತ ಕಡೆ ತಂತಿ ಬಿದ್ದಿದ್ದರೆ ಆ ನೀರೇ ಅಪಾಯ.

ಸಿಡಿಲು ಬಂದರೆ?

ಮಿಂಚು ಕಂಡಾಗ ಎಣಿಸಿ. ಮೂವತ್ತು ಎಣಿಸುವ ಮೊದಲು ಗುಡುಗು ಕೇಳಿದರೆ ಗಟ್ಟಿ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಮರದ ಕೆಳಗೆ, ಟೆಂಟಿನೊಳಗೆ ರಕ್ಷಣೆ ಇಲ್ಲ. ಕಟ್ಟಡವೇ ಇಲ್ಲದಿದ್ದರೆ ಎತ್ತರದಿಂದ ಇಳಿದು, ಸೈಕಲ್ ಬಿಟ್ಟು, ಒಬ್ಬರಿಂದ ಒಬ್ಬರು ದೂರ ಕುಕ್ಕರಗಾಲಲ್ಲಿ ಕೂರಿ.

ಹಾವು, ಜಿಗಣೆ, ಆನೆ?

ಜಿಗಣೆಗೆ ಉಪ್ಪು ಸಾಕು. ರಾಣಿಪುರದ ಕಡೆ ಜಾಸ್ತಿ. ಹಾವಿನ ಭಯ ಇದ್ದದ್ದೇ: ಶೂ, ಚೀಲ ಕೊಡವಿ ನೋಡಿ, ಟಾರ್ಚ್ ಇಲ್ಲದೆ ಕಾಲಿಡಬೇಡಿ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ ವಾಚು ತೆಗೆದು, ಕಚ್ಚಿದ ಕೈಕಾಲು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ದೇಲಂಪಾಡಿ, ಕಾರಡ್ಕ ಕಾಡಿನ ಅಂಚಿಗೆ ಆನೆ ಬರುತ್ತದೆ. ಅಲ್ಲಿ ಐದೂವರೆ ಮೇಲೆ, ಬೆಳಿಗ್ಗೆ ಏಳರ ಮೊದಲು ನಾವು ತುಳಿಯುವುದಿಲ್ಲ.

ಫೋನಿನ ಮ್ಯಾಪ್ ಸಾಕಾ?

ಸಾಲದು. ಒದ್ದೆ ಪರದೆ ಬೆರಳಿಗೆ ಕೇಳುವುದಿಲ್ಲ, ಗಾಳಿ ಬಂದರೆ ಕರೆಂಟು ಹೋಗುತ್ತದೆ, ಒಳನಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಊರುಗಳ ಹೆಸರು, ತಿರುವು, ಸೂರು, ನಂಬರುಗಳನ್ನು ಪೆನ್ಸಿಲಿನಲ್ಲಿ ಬರೆದು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಪ್ರತಿಯೊಬ್ಬರಿಗೂ ಕೊಡಿ. ತುರ್ತಿಗೆ 112, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077 ಅದರಲ್ಲೇ ಇರಲಿ. ಮನೆಯಲ್ಲೂ ಒಂದು ಪ್ರತಿ ಇಟ್ಟು ಬನ್ನಿ.

ಮನೆಗೆ ಬಂದ ಮೇಲೆ ಏನು ಮಾಡಬೇಕು?

ಇಲಿಜ್ವರದ ವಿಷಯ ಮರೆಯಬೇಡಿ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿದರೆ ಬರುವ ರೋಗ ಇದು. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತದೆ. ಸೈಕಲ್ ತುಳಿದ ನೋವು ಅಂತ ಸುಮ್ಮನಿದ್ದರೆ ಕಿಡ್ನಿ, ಲಿವರಿಗೆ ಪೆಟ್ಟು. ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ, ಮಳೆ ನೀರಿನಲ್ಲಿ ಓಡಾಡಿದ್ದೇನೆ ಅಂತ ನೀವಾಗಿಯೇ ಹೇಳಿ. ಮೊದಲೇ ತೆಗೆದುಕೊಳ್ಳುವ ಮಾತ್ರೆ ಇದೆ, ಯಾರು ತೆಗೆದುಕೊಳ್ಳಬಹುದು ಅಂತ ಹೊರಡುವ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಗಾಯ ಇದ್ದವರು ಅದನ್ನು ನೀರು ತಾಗದ ಹಾಗೆ ಮುಚ್ಚಿಕೊಂಡೇ ತುಳಿಯಬೇಕು.

ಸೈಕಲ್ ಕೆಲಸ ಮರುದಿನಕ್ಕೆ ಇಡಬೇಡಿ. ಸೀಟಿನ ಕಂಬ ಎಳೆದು ತೆಗೆದು ಸೈಕಲನ್ನು ತಲೆಕೆಳಗೆ ಮಾಡಿ, ಫ್ರೇಮಿನೊಳಗೆ ಸೇರಿದ ನೀರು ಹೊರಗೆ ಬರುತ್ತದೆ, ಕೆಲವೊಮ್ಮೆ ಒಂದು ಲೋಟದಷ್ಟು. ಚೈನು ತೊಳೆದು ಒರೆಸಿ ಎಣ್ಣೆ ಬಿಡಿ. ಟೆಂಟನ್ನು ಜಗಲಿಯಲ್ಲಿ ಹರಡಿ ಪೂರ್ತಿ ಒಣಗಿದ ಮೇಲೆಯೇ ಮಡಚಿ. ಮಳೆಗಾಲದಲ್ಲಿ ಅದಕ್ಕೆ ಮೂರ್ನಾಲ್ಕು ದಿನ ಬೇಕು. ಒದ್ದೆ ಮಡಚಿದರೆ ಬೂಸ್ಟು ಹಿಡಿದು ಮೇಲಿನ ಲೇಪ ಕಿತ್ತುಬರುತ್ತದೆ, ಮುಂದಿನ ಸಲ ಸೋರುತ್ತದೆ.